ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು

ಹೊನ್ನೆಕಾಡು ಎಸ್ಟೇಟಿನ ರೈಟರ್ ಹಾಲೇಶ್ ಐವತ್ತೇಳನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಸುದ್ದಿ ಮಲ್ಲಂದೂರಿನಿಂದ ಆಲ್ದೂರಿಗೆ ಮುಟ್ಟಲು ಎರಡು ದಿನವೂ ಬೇಕಾಗಲಿಲ್ಲ. ಕೇಳಿದವರೆಲ್ಲ ನಕ್ಕರು. ನಕ್ಕಿದ್ದರಲ್ಲಿ ತಪ್ಪೇನಿದೆ ಹೇಳಿ? ಮೂವತ್ತೊಂದು ವರ್ಷದಿಂದ ಚಿಕ್ಕಮಗಳೂರಿಗೆ ಹೋದರೂ ಸಂಜೆ ಬಸ್ಸಿಗೆ ವಾಪಸು ಬಂದು ಬೀಳುವ ಆಸಾಮಿ, ಭೂಪಟದಲ್ಲಿ ನೊಣ ಕೂತೆದ್ದ ಗುರುತಿನಷ್ಟೂ ಕಾಣದ ದ್ವೀಪಕ್ಕೆ ಹೊರಟಿದ್ದೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ದೂರದ ಬೆಟ್ಟ ನುಣ್ಣಗೆ ಅಂತಾರೆ, ಇವನಿಗೆ ದೂರದ ಸಮುದ್ರ ನುಣ್ಣಗೆ ಕಂಡಿತೇನೋ ಎಂದು ಆಲ್ದೂರಿನ ಹೋಟೆಲಿನಲ್ಲಿ ಮಾತಾಯಿತು.

ಎಸ್ಟೇಟಿನ ರೈಟರ್ ಅಂದರೆ ಕಥೆ, ಕಾದಂಬರಿ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ದಾಸ್ತಾನು, ಮಳೆ, ಇವಿಷ್ಟನ್ನು ಬರೆಯುವವನು. ಇದರಲ್ಲಿ ಮಳೆ ಹಾಲೇಶನ ಪ್ರಾಣ. ದಿನಾ ಬೆಳಿಗ್ಗೆ ಎಂಟೂವರೆಗೆ ಆಫೀಸಿನ ಮುಂದಿನ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಷ್ಟು ಇಂಚು ಇಷ್ಟು ಸೆಂಟು ಎಂದು ರಿಜಿಸ್ಟರಿಗೆ ಏರಿಸಬೇಕು. ಮಳೆ ಬಾರದ ದಿನವೂ ಸೊನ್ನೆ ಬರೆಯಬೇಕು. ಮೂವತ್ತೊಂದು ವರ್ಷದಲ್ಲಿ ರಿಜಿಸ್ಟರಿನ ಒಂದೇ ಒಂದು ಮನೆ ಖಾಲಿ ಬಿಟ್ಟಿರಲಿಲ್ಲ.

ಆರು ವರ್ಷದ ಹಿಂದೆ, ಮಳೆ ಅಳೆಯುವ ಹುಚ್ಚಿನವರ ಒಂದು ಗುಂಪಿಗೆ ಫೋನಿನಲ್ಲಿ ಸೇರಿಕೊಂಡ. ದೇಶದೇಶದವರು ತಂತಮ್ಮ ಮಳೆ ಹಾಕುತ್ತಿದ್ದರು. ಅದರಲ್ಲಿ ಎಡ್ವಿನ್ ಎಂಬ ಮುದುಕನೊಬ್ಬ. ದಕ್ಷಿಣ ಅಟ್ಲಾಂಟಿಕ್ ಸಮುದ್ರದ ನಡುವೆ ಹಾರ್ಲೋ ಎಂಬ ದ್ವೀಪ, ಇರುವುದು ಅರವತ್ತಮೂರು ಜನ. ಆತನೂ ಅಲ್ಲಿ ದಿನಾ ಮಳೆ ಅಳೆಯುತ್ತಿದ್ದ. “ಸೆಂಟ್ ಅಂದರೇನು?” ಎಂದು ಕೇಳಿದ್ದು ಮೊದಲ ಮಾತು. ಇಂಚಿನ ನೂರನೇ ಒಂದು ಭಾಗ, ನಮ್ಮ ಕಾಫಿ ಸೀಮೆಯ ಲೆಕ್ಕ, ಎಂದು ಹಾಲೇಶ್ ವಿವರಿಸಿದ. ಅಲ್ಲಿಂದ ದಿನಾ ಒಂದು ಪ್ರಶ್ನೆ: “ನಿನ್ನಲ್ಲಿ ಇವತ್ತು ಎಷ್ಟು?” ಹಾಲೇಶನನ್ನು ದಿನಕ್ಕೊಮ್ಮೆ ಏನನ್ನಾದರೂ ಕೇಳುವವನು ಭೂಮಿಯ ಮೇಲೆ ಅವನೊಬ್ಬನೇ.

ಒಂದು ಸಲ ಹಾಲೇಶ್ ಜ್ವರ ಬಂದು ಮಲಗಿದ. ಆಗಲೂ ಕಂಬಳಿ ಹೊದ್ದು ಹೋಗಿ ಮಳೆ ಅಳೆದು ಬಂದನೇ ಹೊರತು ಫೋನು ಮುಟ್ಟಲಿಲ್ಲ. ನಾಲ್ಕನೇ ದಿನ ನೋಡಿದರೆ ಎಡ್ವಿನ್ ಬರೆದಿದ್ದ: “ಮಳೆಯೂ ಇಲ್ಲ, ನೀನೂ ಇಲ್ಲ. ಏನಾಯಿತು?” ಅದನ್ನು ಓದಿ ಹಾಲೇಶ್ ಅತ್ತ. ಸುಳ್ಳೇಕೆ, ಗಂಡಸು ಅಂತ ನೋಡದೆ ಅತ್ತೇಬಿಟ್ಟ. ವಿಷಯ ತಿಳಿದ ಮೇಲೆ ಎಡ್ವಿನ್ ಹೇಳಿದ್ದು ಇಷ್ಟು: “ಒಮ್ಮೆ ಬಾ. ಹಡಗು ನಿಲ್ಲುವ ದಕ್ಕೆಯ ಮೇಲೆ ನಿಂತು ಕಾಯುತ್ತೇನೆ.” ಬಸ್‌ಸ್ಟ್ಯಾಂಡಿನಲ್ಲೂ ತನಗಾಗಿ ಯಾರೂ ಕಾಯದ ಮನುಷ್ಯನಿಗೆ ಆ ಒಂದು ಮಾತು ಸಾಕಾಯಿತು.

ದ್ವೀಪದವರು ಹದಿನಾಲ್ಕು ಪುಟದ ಸೂಚನೆ ಕಳಿಸಿದರು. ಬರುವವರು ದ್ವೀಪದ ಕೌನ್ಸಿಲಿನ ಅನುಮತಿ ಇಲ್ಲದೆ ಹಡಗು ಹತ್ತುವಂತಿಲ್ಲ. ಹಡಗು ವರ್ಷಕ್ಕೆ ಮೂರೇ ಸಲ, ಏಳು ದಿನದ ದಾರಿ, ಹತ್ತು ದಿನ ಅಲ್ಲಿ ನಿಂತು ವಾಪಸು. ಸಮುದ್ರ ಕೆರಳಿದ್ದರೆ ದ್ವೀಪ ಕಣ್ಣೆದುರು ಕಂಡರೂ ಇಳಿಸದೆ ವಾಪಸು ಕರೆದೊಯ್ಯಲಾಗುವುದು. ಆಸ್ಪತ್ರೆ ಇಲ್ಲ, ಒಬ್ಬ ನರ್ಸ್ ಇದ್ದಾಳೆ. ಬೀಜ, ಹಣ್ಣು, ಜೇನು ತರಕೂಡದು. ಬೂಟಿನ ಅಡಿಯಲ್ಲಿ ಒಂದು ಚಿಟಿಕೆ ಮಣ್ಣೂ ಇರಕೂಡದು. ಇದನ್ನು ಓದಿದ ಸಂಜೆಯೇ ಹಾಲೇಶ್ ತನ್ನ ಗಂಬೂಟನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಲು ಕೂತ. ಎಷ್ಟು ತಿಕ್ಕಿದರೂ ಗೆರೆಗಳ ಸಂದಿಯಿಂದ ಕೆಂಪು ನೀರು ಇಳಿಯುತ್ತಲೇ ಇತ್ತು.

ಕೊನೆಯ ಪುಟದಲ್ಲಿ ಅರ್ಜಿ. ಅದರ ಕೊನೆಯಲ್ಲಿ ಎರಡು ಸಾಲು: ಪ್ರವಾಸಿಗೆ ತೀವ್ರ ಕಾಯಿಲೆಯಾದರೆ ಅಥವಾ ಸಾವು ಸಂಭವಿಸಿದರೆ ತಿಳಿಸಬೇಕಾದ ಇಬ್ಬರು, ಅವರ ಫೋನ್ ನಂಬರು.

ಇಲ್ಲಿ ಹಾಲೇಶ್ ಮಾಡಿದ ತಪ್ಪನ್ನು ಎಸ್ಟೇಟಿನ ರೈಟರ್ ಮಾತ್ರ ಮಾಡಬಲ್ಲ. ಹೊನ್ನೆಕಾಡಿನಲ್ಲಿ ಆಳುಗಳ ಲೈನ್ ಮನೆಗಳಲ್ಲಿ ನಲವತ್ತು ಸಂಸಾರ. ಆಫೀಸು ದಾಟಿ ಕೆಳಗಿಳಿದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಯಾರ ಮಕ್ಕಳ ಶಾಲೆಯ ಫಾರಮ್ಮಾದರೂ, ಯಾರ ಆಸ್ಪತ್ರೆಯ ಚೀಟಿಯಾದರೂ, ಇಂಥ ಸಾಲಿಗೆ ರೈಟರ್ ಆಫೀಸಿನ ನಂಬರು ಬರೆಯುವುದು ಪದ್ಧತಿ. ಫೋನ್ ಬಂದರೆ ಅವನೇ ಎತ್ತುತ್ತಾನೆ, ಕೊಡೆ ಹಿಡಿದು ತೋಟಕ್ಕೆ ನಡೆಯುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ರೈಟರ ಕೊಡೆ ಕಂಡರೆ ಹೆಂಗಸರ ಎದೆ ಧಸಕ್ಕೆನ್ನುತ್ತಿತ್ತು. ಹೀಗೆ ಊರಿನ ಸಾವನ್ನೆಲ್ಲ ಹೊತ್ತು ತಿರುಗಿದ ಕೈ, ತನ್ನ ಅರ್ಜಿಯಲ್ಲೂ ತಾನಾಗಿ ಅದೇ ನಂಬರು ಬರೆಯಿತು. ಒಂದಲ್ಲ, ಎರಡೂ ಸಾಲಿಗೆ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳಿದ್ದಲ್ಲ.

ಜುಲೈ ತಿಂಗಳ ಒಂದು ಮಧ್ಯಾಹ್ನ ಆಫೀಸಿನ ಫೋನ್ ಹೊಡೆಯಿತು.

“ಗುಡ್ ಆಫ್ಟರ್‌ನೂನ್, ಹೊನ್ನೆಕಾಡು ಎಸ್ಟೇಟ್ ಆಫೀಸ್,” ಎಂದ ಹಾಲೇಶ್, ಎಂದಿನಂತೆ.

ಆ ಕಡೆ ಒಬ್ಬ ಹೆಂಗಸು ನಿಧಾನದ ಇಂಗ್ಲಿಷಿನಲ್ಲಿ, ತಾನು ಹಾರ್ಲೋ ದ್ವೀಪದ ಕೌನ್ಸಿಲಿನ ಕಾರ್ಯದರ್ಶಿ ಎಂದಳು. ಮಿಸ್ಟರ್ ಹಾಲೇಶ್ ಅವರ ತುರ್ತು ಸಂಪರ್ಕದವರ ಜೊತೆ ಮಾತಾಡಬೇಕಿತ್ತು ಎಂದಳು.

“ಒಂದು ನಿಮಿಷ,” ಎಂದು ಹಾಲೇಶ್ ರಿಸೀವರನ್ನು ಮೇಜಿನ ಮೇಲಿಟ್ಟು ಕರೆಯಲು ಎದ್ದ. ಎದ್ದವನು ಸುತ್ತ ನೋಡಿದ. ಬೆಂಚು, ಬೀರು, ಮೂಲೆಯಲ್ಲಿ ಗೊಬ್ಬರದ ಖಾಲಿ ಚೀಲ, ಗೋಡೆಗೆ ಕ್ಯಾಲೆಂಡರ್. ಕರೆಯಲು ಯಾರೂ ಇರಲಿಲ್ಲ. ಅವನಿಗೆ ಅದು ಆಗ ಹೊಳೆಯಿತು. ಮತ್ತೆ ಕೂತು ರಿಸೀವರ್ ಎತ್ತಿಕೊಂಡ.

“ಹೇಳಿ.”

“ಮಿಸ್ಟರ್ ಹಾಲೇಶ್ ನಿಮಗೆ ಏನಾಗಬೇಕು?”

“ನಾನೇ ಹಾಲೇಶ್.”

“ಅಂದರೆ ನಿಮಗೆ ಏನಾದರೂ ಆದರೆ, ನಾವು ನಿಮಗೇ ತಿಳಿಸಬೇಕೇ?”

ಅವಳು ನಗಲಿಲ್ಲ. ನಕ್ಕಿದ್ದರೆ ಇವನೂ ನಗಬಹುದಿತ್ತು. ಬದಲಿಗೆ ತುಂಬ ಮೆತ್ತಗೆ, ಬರುವ ಮಂಗಳವಾರದೊಳಗೆ ಬೇರೆ ಎರಡು ಹೆಸರು ಕಳಿಸಿ, ಅಂದು ಅವರಿಬ್ಬರಿಗೂ ಫೋನ್ ಮಾಡಿ ವಿಚಾರಿಸುತ್ತೇವೆ, ಅಂದೇ ಸೆಪ್ಟೆಂಬರ್ ಹಡಗಿನ ಪಟ್ಟಿ ಮುಗಿಯುತ್ತದೆ ಎಂದಳು. ಅದು ತಪ್ಪಿದರೆ ಜನವರಿ. ಜನವರಿಯಲ್ಲಿ ಕಾಫಿ ಹಣ್ಣಿನ ಕುಯ್ಲು, ರೈಟರ್ ಕದಲುವಂತಿಲ್ಲ. ಎಡ್ವಿನ್‌ಗೆ ಎಪ್ಪತ್ತಾರು, ಎದೆಯ ಕಾಯಿಲೆ ಬೇರೆ. ಮುಂದಿನ ವರ್ಷ ದಕ್ಕೆಯ ಮೇಲೆ ಆತ ಇರುತ್ತಾನೆಂದು ಯಾವ ಧೈರ್ಯದ ಮೇಲೆ ಹೇಳುವುದು?

ಎರಡು ಹೆಸರು. ಹಾಲೇಶ್ ಎರಡು ದಿನ ಯೋಚಿಸಿದ. ಎಸ್ಟೇಟಿನ ಸಾಹುಕಾರರು ವರ್ಷಕ್ಕೆರಡು ಸಲ ಕಾರಿನಲ್ಲಿ ಬಂದು ಹೋಗುವವರು. ಅವರಿಗೆ ಸುದ್ದಿ ಹೋದರೆ ಹೊಸ ರೈಟರ್ ಹುಡುಕುತ್ತಾರೆ, ಅಷ್ಟೆ. ತಾನು ದ್ವೀಪಕ್ಕೆ ಹೋದಾಗ ಮಳೆ ಅಳೆಯಲು ಒಪ್ಪಿದ್ದ ಮೇಸ್ತ್ರಿ ಕಲ್ಲೇಶನನ್ನು ಕೇಳಿದ. ಒಳ್ಳೆಯವನೇ, ಆದರೆ ಎರಡು ಹೆಜ್ಜೆ ಹಿಂದೆ ಸರಿದ.

“ಸಾವಿನ ಸುದ್ದಿಗೆ ಹೆಸ್ರು ಕೊಡೋದಾ? ಅಪಶಕುನ ಮಾರಾಯ್ರೇ. ಬೇರೆ ಎಂಥ ಬೇಕಾದ್ರೂ ಕೇಳಿ.”

ಶನಿವಾರ ಸಣ್ಣ ಹನಿಯಲ್ಲೇ ಹಾಲೇಶ್ ಕೊಡೆ ಹಿಡಿದು ಕಳೆ ತೆಗೆಯುವ ಕಡೆ ಹೋದ. ಅಲ್ಲಿ ದ್ಯಾವಮ್ಮ ಇದ್ದಳು. ಅರವತ್ತು ದಾಟಿದ ಆಳು ಹೆಂಗಸು. ಹಾಲೇಶನಿಗೆ ಜ್ವರ ಬಂದಾಗ ಹೇಳದೆ ಕೇಳದೆ ಗಂಜಿ ತಂದಿಟ್ಟು ಹೋದವಳು ಇವಳೇ. ಎಂಟು ವರ್ಷದ ಹಿಂದೆ ಕುಯ್ಲಿನ ಹೊತ್ತಿನಲ್ಲಿ ಇವಳ ಗಂಡ ಮೂಡಿಗೆರೆ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಸುದ್ದಿ ತಂದವನು ಹಾಲೇಶ್. ಆಗ ಅವನು ಮೊದಲು ಹೇಳಿದ್ದು, “ದ್ಯಾವಮ್ಮ, ಬುಟ್ಟಿ ಕೆಳಗಿಡು” ಎಂದು.

ಈಗಲೂ ಕೊಡೆ ಕಂಡದ್ದೇ ಅವಳು ಕತ್ತಿ ಕೆಳಗಿಟ್ಟಳು. “ಯಾರು ರೈಟರೇ?”

“ಯಾರೂ ಅಲ್ಲ. ನಿನ್ನ ಹೆಸ್ರು ಬೇಕಿತ್ತು.”

ವಿಷಯ ಹೇಳಿದ. ಮಂಗಳವಾರ ಆಫೀಸಿಗೆ ಬಂದು ಕೂತರೆ ಫೋನ್ ಬರುತ್ತದೆ, ರೈಟರ್ ಗೊತ್ತು ಅಂದರೆ ಸಾಕು ಎಂದ. ದ್ಯಾವಮ್ಮ ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆ ಸರಿಮಾಡಿಕೊಂಡು ಯೋಚಿಸಿದಳು.

“ಆಯ್ತು, ಬರ್ಕಳಿ. ನಾಳೆ ದೇವ್ರು ಹಂಗೆ ಮಾಡದಿರ್ಲಿ, ಮಾಡ್ದ ಅಂತಿಟ್ಕಳಿ. ನಂಗೆ ಫೋನ್ ಬಂತು. ನಾನು ಯಾರಿಗೆ ಹೇಳ್ಲಿ?”

“ಯಾರಿಗೂ ಬೇಡ. ನಿಂಗೆ ಗೊತ್ತಾದ್ರೆ ಸಾಕು.”

“ಹಂಗಂದ್ರೆ ನಾನೊಬ್ಳೇ ಅಳ್ಬೇಕಾ?” ಎಂದಳು ದ್ಯಾವಮ್ಮ. ಅವಳಿಗೆ ಸಿಟ್ಟೇ ಬಂದಿತ್ತು. “ನಮ್ಮೋರು ಹೋದಾಗ ಲೈನಿನೋರೆಲ್ಲ ಬಂದು ಕೂತ್ರು, ಅದ್ಕೇ ತಡ್ಕಂಡೆ. ಒಬ್ಳೇ ಅಳೋದು ಆಗೋ ಕೆಲ್ಸ ಅಲ್ಲ ರೈಟರೇ. ಕಳಸದಲ್ಲಿ ತಂಗಿ ಇದ್ದಾರಲ್ಲ, ಅವ್ರ ಹೆಸ್ರೂ ಬರೀರಿ. ಇಲ್ಲಾಂದ್ರೆ ನನ್ನದೂ ಬೇಡ.”

ತಂಗಿ ಭುವನಾ ಕಳಸದಲ್ಲಿ ಬಟ್ಟೆ ಅಂಗಡಿಯವರ ಮನೆ ಸೇರಿದವಳು. ತಾಯಿ ಕೊನೆಗಾಲಕ್ಕೆ ಅವಳ ಹತ್ತಿರವೇ ಇದ್ದಳು. ಒಂಬತ್ತು ವರ್ಷದ ಹಿಂದೆ ಇಂಥದೇ ಜುಲೈಯಲ್ಲಿ ತಾಯಿ ತೀರಿಕೊಂಡಳು. ದಾರಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್. ಮಾರನೆಯ ಬೆಳಿಗ್ಗೆ ರಸ್ತೆ ಬಿಟ್ಟಿತು. ಅಣ್ಣ ಬರಲಿ ಎಂದು ಭುವನಾ ಸಂಜೆವರೆಗೂ ಮಣ್ಣು ಮಾಡಗೊಡಲಿಲ್ಲ. ಹಾಲೇಶ್ ಹೋಗಲಿಲ್ಲ. ಮಳೆ ಅಳೆಯುವವರು ಯಾರೂ ಇಲ್ಲ ಎಂದು ಎಸ್ಟೇಟಿನಲ್ಲಿ ಎಲ್ಲರಿಗೂ ಹೇಳಿದ, ತನಗೂ ಹೇಳಿಕೊಂಡ. ನಿಜ ಏನೆಂದರೆ ಅವನಿಗೆ ಅಮ್ಮನ ಮುಖ ನೋಡಲು ಹೆದರಿಕೆ. ನಾಲ್ಕನೇ ದಿನ, ಮಳೆ ಅಳೆದಾದ ಮೇಲೆ, ಹೋದಾಗ ಬಾಗಿಲಲ್ಲಿ ನಿಂತ ಭುವನಾ ಒಂದೇ ಮಾತು ಕೇಳಿದಳು: “ಮಳೆ ಎಷ್ಟಾಯ್ತು ಅಣ್ಣ?”

ಆ ಪುಣ್ಯಾತ್ಮ ಉತ್ತರ ಕೊಟ್ಟ. “ಏಳು ಇಂಚು ಇಪ್ಪತ್ತು ಸೆಂಟು.”

ಭುವನಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದೀಚೆ ಮಾತಿಲ್ಲ, ಕತೆಯಿಲ್ಲ.

ಭಾನುವಾರ ಹಾಲೇಶ್ ಆಫೀಸಿಗೆ ಹೋಗಿ ಕೂತು ಮೂರು ಸಲ ರಿಸೀವರ್ ಎತ್ತಿದ, ಇಟ್ಟ. ನಾಲ್ಕನೇ ಸಲ ನಂಬರು ಒತ್ತಿದ. ನಂಬರು ಎಲ್ಲೂ ನೋಡಬೇಕಾಗಲಿಲ್ಲ, ಅದು ಬಾಯಿಪಾಠವಾಗಿತ್ತು.

“ಹಲೋ, ಹೊನ್ನೆಕಾಡು ಎಸ್ಟೇ...” ಎಂದವನು ನಿಲ್ಲಿಸಿದ. “ನಾನು. ಹಾಲೇಶ.”

ಆ ಕಡೆ ಪಾತ್ರೆಯ ಸದ್ದು ನಿಂತಿತು. ಮಲೆನಾಡಿನಲ್ಲಿ ಮಾತುಬಿಟ್ಟ ಸಂಬಂಧದವರ ಫೋನ್ ಬಂತೆಂದರೆ ಅದಕ್ಕೆ ಒಂದೇ ಅರ್ಥ.

“ಯಾರು ಹೋದ್ರು?” ಎಂದಳು ಭುವನಾ.

“ಯಾರೂ ಹೋಗಿಲ್ಲ.”

“ಮತ್ತೆಂಥಕ್ಕೆ ಫೋನು?”

“ನಾನು ಹೋದ್ರೆ ನಿಂಗೆ ತಿಳಿಸ್ಬೋದಾ ಅಂತ ಕೇಳೋಕೆ.”

ದ್ವೀಪ, ಹಡಗು, ಅರ್ಜಿ ಎಲ್ಲ ಒಂದೇ ಉಸಿರಿಗೆ ಹೇಳಿದ. ಭುವನಾ ಪೂರ್ತಿ ಕೇಳಿದಳು.

“ಬದುಕಿದೀನಿ ಅಂತ ಒಂದಿನ ತಿಳಿಸಿದ್ಯಾ ನೀನು? ಒಂಬತ್ತು ವರ್ಷ. ಸತ್ತಿದ್ದು ಮಾತ್ರ ನಂಗೆ ಗೊತ್ತಾಗ್ಬೇಕಾ?”

“ರಸ್ತೆ ಮಾರನೇ ದಿನವೇ ಬಿಟ್ಟಿತ್ತು ಭುವಿ. ಹೆದ್ರಿ ಬರ್ಲಿಲ್ಲ. ಮಳೆ ಗಿಳೆ ಎಲ್ಲ ನೆಪ.”

“ನಂಗೆ ಅವತ್ತೇ ಗೊತ್ತಿತ್ತು,” ಎಂದಳು. ಆಮೇಲೆ “ಬರ್ಕೋ” ಎಂದು ಫೋನ್ ಇಟ್ಟಳು.

ಮಂಗಳವಾರ ಮಧ್ಯಾಹ್ನ ದ್ಯಾವಮ್ಮ ಒಗೆದ ಸೀರೆ ಉಟ್ಟು ಆಫೀಸಿನಲ್ಲಿ ಫೋನ್ ಹಿಡಿದು ಕೂತಳು. ಅರ್ಜಿದಾರ ಹತ್ತಿರ ಇರಬಾರದೆಂಬ ನಿಯಮ, ಹಾಗಾಗಿ ಹಾಲೇಶ್ ಮಳೆಮಾಪಕದ ಪಕ್ಕದಲ್ಲಿ ಕೊಡೆ ಹಿಡಿದು ನಿಂತ. ಒಳಗಿಂದ ಅವಳ ದನಿ ಕೇಳುತ್ತಿತ್ತು. ಅಷ್ಟು ದೂರದ ಊರಿಗೆ ಕೇಳಬೇಕೆಂದು ಕೂಗಿಯೇ ಮಾತಾಡುತ್ತಿದ್ದಳು.

ದ್ವೀಪದ ಕಾಗದ ಆ ರಾತ್ರಿ ಇಮೇಲಿನಲ್ಲಿ ಹೊರಟು ಬುಧವಾರ ಬೆಳಿಗ್ಗೆ ಏಳೂವರೆಗೆ ಹಾಲೇಶನ ಕಣ್ಣಿಗೆ ಬಿತ್ತು. ಸೆಪ್ಟೆಂಬರ್ ಹಡಗಿಗೆ ಅನುಮತಿ ಸಿಕ್ಕಿತ್ತು. ಕೆಳಗೆ ಕಾರ್ಯದರ್ಶಿ ಬರೆದಿದ್ದಳು: “ನಿಮ್ಮ ಮೊದಲ ಸಂಪರ್ಕದವರ ಮಾತು ನಮಗೆ ಒಂದೂ ಅರ್ಥವಾಗಲಿಲ್ಲ. ಆದರೆ ಅವರು ಹನ್ನೊಂದು ನಿಮಿಷ ನಿಮ್ಮ ಬಗ್ಗೆ ಬಿಡದೆ ಮಾತಾಡಿದರು. ಕೌನ್ಸಿಲಿಗೆ ಅಷ್ಟು ಸಾಕು. ನಿಮ್ಮ ತಂಗಿ, ತಮ್ಮ ಮಗಳಿಂದ ಅನುವಾದ ಮಾಡಿಸಿ, ಒಂದು ಷರತ್ತು ಹಾಕಿದ್ದಾರೆ. ಕಾಯಿಲೆಗೆ ಮತ್ತು ಸಾವಿಗೆ ತಿಳಿಸುವುದಷ್ಟೇ ನಮ್ಮ ನಿಯಮ. ನೀವು ಕ್ಷೇಮವಾಗಿ ಮುಟ್ಟಿದ ದಿನವೂ ತನಗೆ ಫೋನ್ ಮಾಡಬೇಕು, ಇಲ್ಲವಾದರೆ ತನ್ನ ಹೆಸರು ತೆಗೆದುಹಾಕಿ ಎಂದಿದ್ದಾರೆ. ಹೀಗೆ ಯಾರೂ ಕೇಳಿದ್ದಿಲ್ಲ. ನಾವು ಒಪ್ಪಿದ್ದೇವೆ.”

ಹಾಲೇಶ್ ಅದನ್ನು ನಿಂತೇ ಎರಡು ಸಲ ಓದಿದ. ಹೊರಗೆ ಜೋರು ಮಳೆ. ಗಡಿಯಾರ ನೋಡಿದ. ತಿಕ್ಕಿ ಒಣಗಿಸಿಟ್ಟಿದ್ದ ಗಂಬೂಟು ಮೆಟ್ಟಿಕೊಂಡು, ಅದೇ ಕೆಂಪು ಕೆಸರಿನಲ್ಲಿ ಗೇಟಿನ ಕಡೆ ಬೇಗ ಬೇಗ ಹೆಜ್ಜೆ ಹಾಕಿದ.

ಹೊನ್ನೆಕಾಡಿನ ಮಳೆ ರಿಜಿಸ್ಟರಿನಲ್ಲಿ ಆ ಬುಧವಾರದ ಮನೆ ಖಾಲಿ ಇದೆ. ಮಳೆ ಅಳೆಯುವುದು ಎಂಟೂವರೆಗೆ, ಕಳಸದ ಕಡೆಗೆ ಮೊದಲ ಬಸ್ಸು ಎಂಟಕ್ಕೆ.