ನಾಲ್ಕು ಜೊತೆ ಚಪ್ಪಲಿ

ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಅಜ್ಜಿ ಮನೆಯಿಂದ ಮಾಯವಾಗಬೇಕು. ಹಾಸಿಗೆ ಸುರುಳಿ ಸುತ್ತಿ ಮಂಚದಡಿಗೆ. ಹಲ್ಲುಜ್ಜುವ ಬ್ರಷ್ಷು ಡಬ್ಬಿಯೊಳಗೆ. ಮಂಡಿಗೆ ಹಚ್ಚುವ ಎಣ್ಣೆ ಮೊಮ್ಮಗಳ ಪುಸ್ತಕಗಳ ಹಿಂದೆ. ಚಪ್ಪಲಿಯನ್ನಂತೂ ಅಜ್ಜಿ ಯಾವತ್ತೂ ಬಾಗಿಲಾಚೆ ಬಿಟ್ಟವಳೇ ಅಲ್ಲ. ಅದು ಹಳೇ ಪೇಪರಿನಲ್ಲಿ ಸುತ್ತಿಕೊಂಡು ದಿಂಬಿನ ಪಕ್ಕದಲ್ಲೇ ಇರುತ್ತದೆ.

ಇಷ್ಟೆಲ್ಲ ಕಸರತ್ತು ಯಾಕೆಂದರೆ, ಮನೆ ಮಾಲೀಕರು ಭಾನುವಾರ ತಾರಸಿಯ ನೀರಿನ ಟ್ಯಾಂಕು ನೋಡಲು ಬಂದು, ಹಾಗೇ ಮನೆಯೊಳಗೂ ಇಣುಕುತ್ತಾರೆ. ನಾಲ್ಕನೇ ಮಹಡಿಯ ಆ ಒಂದು ಕೋಣೆಯ ಮನೆಯನ್ನು ಬಾಡಿಗೆಗೆ ಕೊಡುವಾಗಲೇ ಅವರು ಬೆರಳು ಮಡಚಿ ಹೇಳಿದ್ದರು: "ಗಂಡ, ಹೆಂಡತಿ, ಒಂದು ಮಗು. ಮೂರೇ ಜನ. ನಾಲ್ಕನೆಯವರು ಕಣ್ಣಿಗೆ ಬಿದ್ರೆ ಅವತ್ತೇ ಖಾಲಿ ಮಾಡ್ಬೇಕು." ಮಗ ತಲೆಯಾಡಿಸಿದ್ದ. ಆವತ್ತಿನಿಂದ ಎರಡು ವರ್ಷ ಅಜ್ಜಿ ಆ ಮನೆಯ ಲೆಕ್ಕದಲ್ಲೇ ಇಲ್ಲ.

ಮಗನ ಕೆಲಸ ಲಿಫ್ಟ್ ರಿಪೇರಿ. ಊರವರನ್ನೆಲ್ಲ ಹದಿನೈದು ಮಹಡಿ ಹತ್ತಿಸಿ ಇಳಿಸುವವನ ಹೆತ್ತ ತಾಯಿ ಎಪ್ಪತ್ತೆರಡು ಮೆಟ್ಟಿಲನ್ನು ಮಂಡಿ ಹಿಡಿದುಕೊಂಡು ಇಳಿಯುತ್ತಾಳೆ. ಇದನ್ನು ನೆನೆದು ಅಜ್ಜಿಗೆ ಒಮ್ಮೊಮ್ಮೆ ನಗು ಬರುತ್ತದೆ. ಹೆಚ್ಚಿನ ಸಲ ಸಿಟ್ಟೇ ಬರುತ್ತದೆ.

ಇಳಿದು ಹೋಗಿ ಕೂರುವುದು ಪಾರ್ಕಿನ ಕಲ್ಲುಬೆಂಚಿನ ಮೇಲೆ. ಅಲ್ಲೇ ಗೆಳತಿಯಾಗಿ ಗಂಟುಬಿದ್ದವಳು ಟಪಾಲಕ್ಕ. ಮೂವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದವಳು. ಸರ್ಕಾರಿ ಲಕೋಟೆಯನ್ನು ದೂರದಿಂದ ನೋಡಿಯೇ ಒಳಗೇನಿದೆ ಎಂದು ಹೇಳಬಲ್ಲಳು.

ಒಂದು ಭಾನುವಾರ ಅಜ್ಜಿಯ ಮುಖ ಊದಿಕೊಂಡಿತ್ತು. "ಬಾಡಿಗೆ ಮತ್ತೆ ಏರಿಸ್ತಾರಂತೆ. ಆಗದಿದ್ರೆ ಬಿಟ್ಟು ಹೋಗಿ ಅಂದ್ರಂತೆ. ನನ್ನ ಮಗ ತಲೆ ಮೇಲೆ ಕೈ ಹೊತ್ತು ಕೂತಿದಾನೆ."

"ಆ ಕೈ ಇಳಿಸಿ ಪೆನ್ನು ಹಿಡಿಯೋಕೆ ಹೇಳಿ ಅಕ್ಕಾ," ಅಂದಳು ಟಪಾಲಕ್ಕ. "ನಗರಸಭೆಯವರ ರಿಯಾಯಿತಿ ಬಾಡಿಗೆ ಮನೆಗಳಿವೆ. ದುಡಿಮೆಗೆ ತಕ್ಕ ಹಾಗೆ ಬಾಡಿಗೆ. ನಾನಿರೋದೂ ಅಂಥದ್ರಲ್ಲೇ. ಅರ್ಜಿ ಪುಕ್ಕಟೆ. ಈ ತಿಂಗಳ ಕೊನೇವರೆಗೂ ತಗೋತಾರೆ."

"ನಮ್ಮಂಥೋರಿಗೆ ಕೊಡ್ತಾರಾ?"

"ಇನ್ಯಾರಿಗೆ ಕಟ್ಟಿಸಿದಾರೆ? ಬಂಗಲೆ ಇರೋರಿಗಾ?"

ಮನೆಯಲ್ಲಿ ಈ ಸುದ್ದಿ ಎತ್ತಿದರೆ ಮಗ ಮೂಗು ಮುರಿದ. "ಅದೆಲ್ಲ ಶಿಫಾರಸು ಇರೋರಿಗೆ ಅಮ್ಮ. ಗೊತ್ತಿರೋ ದಲ್ಲಾಳಿ ಒಬ್ಬ ಇದಾನೆ. ಅವನ ಕೈ ಬಿಸಿ ಮಾಡಿದ್ರೆ ಕೆಲಸ ಆಗುತ್ತಂತೆ."

ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ಹೊದಿಕೆ ಮಡಿಸುವ ಸೊಸೆ ಮಂಗಳವಾರ ಸಂಜೆ ತಾನೇ ಹೋಗಿ ಟಪಾಲಕ್ಕನನ್ನು ಕರೆದುಕೊಂಡು ಬಂದಳು. ಟಪಾಲಕ್ಕ ನಾಲ್ಕು ಮಹಡಿ ಹತ್ತಿ, ಒಂದು ಚೊಂಬು ನೀರು ಕುಡಿದು, ಮಗನ ಕಡೆ ತಿರುಗಿದಳು.

"ದಲ್ಲಾಳಿ ಏನ್ ಮಾಡ್ತಾನೆ ಗೊತ್ತಾ? ಕಚೇರಿ ಕಿಟಕೀಲಿ ಪುಕ್ಕಟೆ ಸಿಗೋ ಅರ್ಜೀನೇ ನಿನಗೆ ಮಾರ್ತಾನೆ. ನಿನ್ನ ಗುರುತಿನ ಚೀಟಿ, ಇಬ್ಬರ ಸಂಬಳದ ಚೀಟಿ, ಈ ಮನೆ ಬಾಡಿಗೆ ರಸೀದಿ, ಇಷ್ಟು ಹುಡುಕು. ವಯಸ್ಸಾದೋರಿದ್ರೆ ವಯಸ್ಸಿನ ದಾಖಲೆ, ಕಾಯಿಲೆ ಇದ್ರೆ ಡಾಕ್ಟರ ಚೀಟಿ. ನೀನೇ ಬರಿ, ನೀನೇ ಹೋಗಿ ಕೊಡು. ನಂಬರಿರೋ ರಸೀದಿ ಇಸ್ಕೊಳ್ಳದೆ ಆ ಕಿಟಕಿ ಬಿಟ್ಟು ಕದಲಬೇಡ."

ಮಗ ಗೊಣಗುತ್ತಲೇ ಬರೆದ, ಗೊಣಗುತ್ತಲೇ ಹೋದ. ಬರುವಾಗ ಮಾತ್ರ ರಸೀದಿ ಮತ್ತು ಅರ್ಜಿಯ ನಕಲನ್ನು ಬಾವುಟ ಹಿಡಿದಂತೆ ಹಿಡಿದುಕೊಂಡು ಬಂದ. "ಯಾರೂ ಏನೂ ಕೇಳ್ಲಿಲ್ಲ ಕಣೇ! ಸೀಲು ಹೊಡೆದು ಕೊಟ್ರು!" ಎಂದು ಹೆಂಡತಿಗೆ ಮೂರು ಸಲ ಹೇಳಿದ.

ಮುಂದಿನ ಭಾನುವಾರ ಅಜ್ಜಿ ಆ ನಕಲನ್ನು ಬೆಂಚಿಗೆ ತಂದಳು. ಟಪಾಲಕ್ಕ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದಳು. ಅರ್ಧದಲ್ಲಿ ಬೆರಳು ನಿಂತಿತು.

"ಮನೇಲಿ ವಾಸ ಇರೋರು, ಮೂರು. ಅಕ್ಕಾ, ನೀವೆಲ್ಲಿ?"

ಅಜ್ಜಿ ನಕಲನ್ನು ಕಿತ್ತುಕೊಂಡಳು. ಮಾಲೀಕ ಎಣಿಸದಿದ್ದರೆ ಹೋಗಲಿ, ಅವನು ಹೊರಗಿನವನು. ಒಂಬತ್ತು ತಿಂಗಳು ಹೊತ್ತವಳನ್ನು ಮಗನೇ ಬಿಟ್ಟುಬಿಟ್ಟಿದ್ದ. ಆವತ್ತು ಆ ಎಪ್ಪತ್ತೆರಡು ಮೆಟ್ಟಿಲನ್ನು ಅಜ್ಜಿ ಎಲ್ಲೂ ನಿಲ್ಲದೆ ಹತ್ತಿದಳು. ಸಿಟ್ಟಿಗೆ ಮಂಡಿನೋವು ಗೊತ್ತಾಗಲಿಲ್ಲ.

"ಬೇಕಂತ ಮಾಡಿಲ್ಲಮ್ಮ," ಮಗನ ಮುಖ ಸಣ್ಣಗಾಯಿತು. "ಎಷ್ಟು ಜನ ಅಂತಿತ್ತು, ಕೈ ತಾನಾಗೇ ಮೂರು ಅಂತ ಬರೀತು. ಎರಡು ವರ್ಷದಿಂದ ಎಲ್ಲರಿಗೂ ಅದನ್ನೇ ಹೇಳಿ ಹೇಳಿ..." ಆಮೇಲೆ ದನಿ ತಗ್ಗಿಸಿದ. "ಈಗ ತಿದ್ದೋಕೆ ಹೋದ್ರೆ ಮಾಲೀಕರ ಕಿವಿಗೆ ಬೀಳುತ್ತೆ. ಮೊದ್ಲು ಮನೆ ಸಿಗ್ಲಿ. ಆಮೇಲೆ ನೀನೂ ಬಂದ್ಬಿಡು."

"ಅಲ್ಲೂ ಭಾನುವಾರ ನಾನು ಬೆಂಚಿಗೆ ಹೋಗ್ಬೇಕಾ?"

ಮಗ ನಕಲನ್ನು ಮಡಚಿ ತಾಯಿಯ ಕೈಗೇ ವಾಪಸ್ ಕೊಟ್ಟ.

ಸೋಮವಾರ ಅಜ್ಜಿ ಟಪಾಲಕ್ಕನನ್ನು ಕರೆದುಕೊಂಡು ತಾನೇ ವಸತಿ ಕಚೇರಿಗೆ ಹೋದಳು. ಗುಮಾಸ್ತರು ರಸೀದಿ ನಂಬರು ನೋಡಿ ಕಡತ ತೆಗೆದರು. "ಅರ್ಜಿದಾರರೇ ಬಂದು ಸಹಿ ಹಾಕಿದ್ರೆ ತಿದ್ದಬಹುದಮ್ಮ. ಇಲ್ಲಾಂದ್ರೆ ಪರಿಶೀಲನೆಗೆ ನಮ್ಮೋರು ಮನೆಗೇ ಬರ್ತಾರೆ. ಆಗ ನೀವು ಅಲ್ಲಿರಿ. ಹೆಸರಿಲ್ಲದೋರಿಗೆ ಹೊಸ ಮನೇಲಿ ಜಾಗ ಇರಲ್ಲ. ಜನಾನ ಬಚ್ಚಿಟ್ಟಿದ್ದು ಆಮೇಲೆ ಗೊತ್ತಾದ್ರೆ ಕೊಟ್ಟ ಮನೇನೂ ವಾಪಸ್ ಹೋಗುತ್ತೆ." ಆಮೇಲೆ ಅಜ್ಜಿಯ ಕಾಲು ನೋಡಿ ಹೇಳಿದರು, "ಮಂಡಿನೋವಾ? ಡಾಕ್ಟರ ಚೀಟಿ ಇಟ್ಕೊಂಡಿರಿ. ಅಂಥೋರಿಗೆ ನೆಲಮಹಡಿ ಕೊಡೋದುಂಟು."

ಪರಿಶೀಲನೆಯ ದಿನ ಗೊತ್ತಾಯಿತು. ದುಡಿಯುವವರು ಮನೆಯಲ್ಲಿ ಸಿಗಲಿ ಎಂದು ಅವರು ಇಟ್ಟುಕೊಂಡದ್ದು ಭಾನುವಾರ, ಒಂಬತ್ತೂವರೆ!

ಆ ಭಾನುವಾರ ಒಂಬತ್ತಾಯಿತು. ಅಜ್ಜಿ ಹಾಸಿಗೆ ಸುತ್ತಲಿಲ್ಲ. ಇದ್ದ ಒಂದೇ ಕುರ್ಚಿಯನ್ನು ಕೋಣೆಯ ನಡುವೆ ಎಳೆದು ಹಾಕಿಕೊಂಡು ಕೂತಳು. ಮೇಲೆ ಮಾಲೀಕರು ಟ್ಯಾಂಕಿನ ಮುಚ್ಚಳ ಎತ್ತುವ ಸದ್ದು ಕೇಳಿಸಿತು. ಮಗ ಕೈ ಮುಗಿದ.

"ಅಮ್ಮಾ, ನಿನ್ ದಮ್ಮಯ್ಯ, ಒಂದರ್ಧ ಗಂಟೆ ಬೆಂಚಿಗೆ ಹೋಗ್ಬಾ. ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂತಾದ್ರೆ ಮಗು ಕಟ್ಕೊಂಡು ಬೀದೀಲಿ ನಿಲ್ಲಬೇಕಾಗುತ್ತೆ."

"ನಾನು ಪ್ರತಿ ವಾರ ಬೀದೀಲೇ ಕೂತಿದೀನಲ್ಲೋ," ಅಂದಳು ಅಜ್ಜಿ. "ಇವತ್ತು ಏಳಲ್ಲ. ನೀನು ಹೊತ್ಕೊಂಡು ಹೋದ್ರೂ ಕುರ್ಚಿ ಸಮೇತ ಹೊರಬೇಕು."

ಅಷ್ಟರಲ್ಲಿ ಪರಿಶೀಲನೆಯ ಮೇಡಂ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ಕೋಣೆಯ ಅಳತೆ ನೋಡಿದರು, ಗೋಡೆಯ ತೇವ ನೋಡಿದರು. "ಅರ್ಜೀಲಿ ಮೂರು ಜನ ಅಂತಿದೆ. ಸರೀನಾ?"

ಮಗ ಮೆಟ್ಟಿಲ ಕಡೆ ನೋಡಿದ.

"ನಾಲ್ಕು!" ಅಜ್ಜಿಯ ದನಿ ಮೆಟ್ಟಿಲಿಗೂ ಕೇಳಿಸಿತು. "ನಾನು ಇವನ ತಾಯಿ. ಎರಡು ವರ್ಷದಿಂದ ಇಲ್ಲೇ ಮಲಗೋದು, ಇಲ್ಲೇ ಏಳೋದು. ನನ್ನ ಹೆಸರು ಬರ್ಕೊಳ್ಳಿ."

ಮೆಟ್ಟಿಲಿಳಿಯುತ್ತಿದ್ದ ಮಾಲೀಕರು ಬಾಗಿಲಲ್ಲೇ ನಿಂತರು. "ಏನಪ್ಪಾ ಇದು? ಮೂರೇ ಜನ ಅಂದಿದ್ದೆ. ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ರಾ? ಇವತ್ತೇ ಖಾಲಿ ಮಾಡಿ!"

ಸೊಸೆ ಅತ್ತೆಯ ಕುರ್ಚಿಯ ಪಕ್ಕ ಬಂದು ನಿಂತಳು. "ಮುಚ್ಚಿಟ್ಟಿದ್ದು ನಮ್ಮ ತಪ್ಪೇ ಸಾರ್. ಆದ್ರೆ ಇವತ್ತೇ ಹೋಗಿ ಅಂದ್ರೆ ಹೋಗಲ್ಲ. ಬರವಣಿಗೇಲಿ ಕೊಡಿ. ಕಾರಣ, ತಾರೀಕು, ಸಹಿ."

"ಕೊಟ್ರೆ ನನಗೂ ಒಂದು ಪ್ರತಿ ಬೇಕು," ಎಂದರು ಮೇಡಂ, ತಲೆ ಎತ್ತದೆ. "ಕಡತಕ್ಕೆ ಸೇರಿಸ್ತೀನಿ."

ಮಾಲೀಕರು ಒಮ್ಮೆ ಮೇಡಂ ಕೈಯ ಕಡತ ನೋಡಿದರು, ಒಮ್ಮೆ ಅಜ್ಜಿಯನ್ನು ನೋಡಿದರು. ಏನೋ ಗೊಣಗಿಕೊಂಡು ಮೆಟ್ಟಿಲಿಳಿದು ಹೋದರು.

ಮಗ ಮೇಡಂ ಹತ್ತಿರ ಪೆನ್ನು ಕೇಳಿದ. ಮೂರು ಎಂದಿದ್ದನ್ನು ಹೊಡೆದು ನಾಲ್ಕು ಎಂದು ಬರೆದ. ಕೆಳಗೆ ತಾಯಿಯ ಹೆಸರು, ವಯಸ್ಸು, ಸಂಬಂಧ. ಪಕ್ಕದಲ್ಲಿ ತನ್ನ ಸಹಿ. ತಾಯಿಯ ವಯಸ್ಸಿನ ದಾಖಲೆ, ಡಾಕ್ಟರ ಚೀಟಿ ಮುಂದಿಟ್ಟು, ಕಣ್ಣು ಒರೆಸಿಕೊಂಡು ಹೇಳಿದ, "ನೆಲಮಹಡಿ ಬೇಕು ಮೇಡಂ. ನಮ್ಮಮ್ಮನ ಮಂಡಿಗೆ ಮೆಟ್ಟಿಲು ಆಗಲ್ಲ."

ಮೇಡಂ ಹೋದ ಮೇಲೆ ಅಜ್ಜಿ ಎದ್ದಳು. ದಿಂಬಿನ ಪಕ್ಕದ ಪೇಪರು ಬಿಚ್ಚಿ, ಚಪ್ಪಲಿ ತೆಗೆದು, ಬಾಗಿಲಾಚೆ ಎಲ್ಲರ ಚಪ್ಪಲಿಯ ಸಾಲಿನಲ್ಲಿ ಜೋಡಿಸಿ ಬಂದಳು. "ಇನ್ನು ಮಾಲೀಕ ಬಂದ್ರೂ ಅಲ್ಲೇ ಇರುತ್ತೆ," ಅಂದಳು.

ಮಾಲೀಕರು ಮುಖ ಗಂಟಿಕ್ಕಿಕೊಂಡೇ ಓಡಾಡಿದರು. ಬರವಣಿಗೆಯಲ್ಲಿ ಮಾತ್ರ ಒಂದಕ್ಷರ ಕೊಡಲಿಲ್ಲ. ಏಳು ತಿಂಗಳು ಕಾದ ಮೇಲೆ ಸರ್ಕಾರಿ ಲಕೋಟೆ ಬಂತು. ಟಪಾಲಕ್ಕ ಅದನ್ನು ಒಡೆಯುವ ಮೊದಲೇ ನಕ್ಕಳು. ಎರಡು ಕೋಣೆ, ನೆಲಮಹಡಿ, ನಾಲ್ಕು ಜನರಿಗೆ.

ಓದುತ್ತಿರುವ ಅಕ್ಕ, ಅಣ್ಣ, ಬಾಡಿಗೆ ಮನೆಯಲ್ಲಿ ನೀವೂ ಉಸಿರು ಬಿಗಿಹಿಡಿದು ಬದುಕುತ್ತಿದ್ದೀರಾ? ನಿಮ್ಮ ಊರಿನ ವಸತಿ ಕಚೇರಿಗೆ ಈ ವಾರವೇ ಹೋಗಿ. ನಿಯಮ ಊರಿಂದೂರಿಗೆ ಬೇರೆ, ಹಾಗಾಗಿ ದಲ್ಲಾಳಿಯನ್ನಲ್ಲ, ಕಚೇರಿಯವರನ್ನೇ ಕೇಳಿ. ಕೊಟ್ಟ ಪ್ರತಿ ಕಾಗದಕ್ಕೂ ರಸೀದಿ ಪಡೆಯಿರಿ, ನಕಲು ಇಟ್ಟುಕೊಳ್ಳಿ. ಫೋನ್ ನಂಬರು ಬದಲಾದರೆ ಕಚೇರಿಗೆ ತಿಳಿಸಿ. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಬರೆದು ಕೊಡಲು ಹೇಳಿ. ತಲೆ ತಗ್ಗಿಸಬೇಡಿ, ನೀವು ಭಿಕ್ಷೆ ಕೇಳುತ್ತಿಲ್ಲ.

ಅರ್ಜಿ ಬರೆಯಲು ಕೂರುವ ಮೊದಲು ಒಮ್ಮೆ ಬಾಗಿಲಾಚೆ ಹೋಗಿ ಚಪ್ಪಲಿ ಎಣಿಸಿ. ಯಾರ ಚಪ್ಪಲಿ ಅಲ್ಲಿಲ್ಲವೋ ಅವರ ಹೆಸರನ್ನೇ ಮೊದಲು ಬರೆಯಿರಿ.