ನಂಬರ್ ಸರಿ ಇದೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಆಫೀಸಲ್ಲಿ ಎಲ್ಲರೂ ಆಡಿಕೊಳ್ತಾರೆ. ಆಡಿಕೊಳ್ಳಲಿ. ಮನಶ್ಶಾಸ್ತ್ರಜ್ಞರ ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಫೋನ್ ಎತ್ತಿದವಳಿಗೆ ಕೋಪ ಇನ್ನೆಲ್ಲಿರಬೇಕು? 'ಇಂಥವರ ಹತ್ತಿರ ಹೋಗ್ತಿದೀವಿ, ಇವರು ನಿಮ್ಮಲ್ಲಿ ನೋಂದಾಯಿಸಿಕೊಂಡಿದಾರಾ' ಅಂತ ದಿನಾ ನಲವತ್ತು ಜನ ಕೇಳ್ತಾರೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡ್ತೀನಿ: ಹೆಸರು ಹಾಕಿ ಹುಡುಕಿ, ನೋಂದಣಿ ನಂಬರ್ ಆಮೇಲೆ ತಾಳೆ ನೋಡಿ. ಕ್ಲಿನಿಕ್ಕಿನ ಬೋರ್ಡಿನ ಮೇಲೆ ಯಾರ ನಂಬರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಒಬ್ಬ ಹುಡುಗಿ ಇದನ್ನು ಮರೆತಾಗ ಎಲ್ಲರೆದುರೇ ಅವಳ ಬೆವರಿಳಿಸಿದ್ದೆ.

ನನ್ನ ತಂಗಿ ಫೋನ್ ಮಾಡಿದ್ದು ಊಟದ ಹೊತ್ತಿನಲ್ಲಿ. ಬಾಯಲ್ಲಿ ತುತ್ತಿತ್ತು.

"ಅಕ್ಕಾ, ಗುಬ್ಬಿನ ತೋರಿಸ್ತಿದೀವಲ್ಲ, ಅವರದ್ದು ಒಂಚೂರು ನೋಡ್ತೀಯಾ? ಹೋಗಲ್ಲ ಅಂತ ಹಟ ಹಿಡಿದಿದಾಳೆ. ಮಾತ್ರೆ ಎಲ್ಲ ಬಿಟ್ಟುಬಿಡು, ಇದು ಕಾಯಿಲೆ ಅಲ್ಲ, ಸೋಮಾರಿತನ ಅಂತ ಅವರು ಹೇಳ್ತಾರಂತೆ."

ಗುಬ್ಬಿ ಅವಳ ಒಬ್ಬಳೇ ಮಗಳು, ಹದಿನಾರು ವರ್ಷ. ನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಬರೋದೇ ಅಪರೂಪವಾಗಿತ್ತು. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟು, ಜೊತೆಗೆ ಮನಶ್ಶಾಸ್ತ್ರಜ್ಞರ ಹತ್ತಿರವೂ ಮಾತಾಡಿಸಿ ಅಂದಿದ್ದರು.

"ನಂಬರ್ ಹೇಳು ಬೇಗ," ಅಂದೆ.

ಬೋರ್ಡಿನ ಫೋಟೋ ನೋಡಿಕೊಂಡು ಹೇಳಿದಳು. ಎಡಗೈಯಲ್ಲೇ ಕಂಪ್ಯೂಟರಿನಲ್ಲಿ ಒತ್ತಿದೆ. ಹಸಿರು ಗುರುತು ಬಂತು: ಚಾಲ್ತಿಯಲ್ಲಿದೆ.

"ಸರಿ ಇದೆ ಕಣೆ. ಅವರಿಗಿಂತ ನಿನ್ನ ಮಗಳಿಗೆ ಜಾಸ್ತಿ ಗೊತ್ತಾ? ತಲೆ ತಿನ್ನಬೇಡ, ಕರ್ಕೊಂಡು ಹೋಗು."

ಹಸಿರು ಗುರುತಿನ ಎರಡು ಸಾಲು ಮೇಲೆ ಹೆಸರಿತ್ತು. ನಾನು ಓದಲಿಲ್ಲ.

ಏಳು ವಾರಕ್ಕೆ ಗುಬ್ಬಿ ಜೀವ ಕಳಕೊಳ್ಳೋಕೆ ಹೋದಳು. ಉಳಿದಳು, ಆದರೆ ಯಾರ ಜೊತೆಗೂ ಮಾತಿಲ್ಲ. ವಾರ್ಡಿನಲ್ಲಿ ಗೋಡೆ ಕಡೆ ತಿರುಗಿ ಮಲಗಿರ್ತಾಳೆ. ಇವಳಿಗೆ ಮಾತ್ರೆ ಬಿಡು ಅಂದವರು ಯಾರು ಅಂತ ಡಾಕ್ಟರು ತಂಗಿಗೆ ಚೆನ್ನಾಗಿ ಬೈದರಂತೆ.

ಅದು ಕೇಳಿದ ಮರುದಿನ ಬೆಳಗ್ಗೆ ಆಫೀಸಿಗೆ ಹೋದವಳೇ ತಂಗಿಯಿಂದ ಬೋರ್ಡಿನ ಫೋಟೋ ತರಿಸಿಕೊಂಡು ಆ ಮನುಷ್ಯನ ಹೆಸರು ಹಾಕಿ ಹುಡುಕಿದೆ. ಆ ಹೆಸರಿನವರು ಯಾರೂ ಇರಲಿಲ್ಲ. ನಂಬರ್ ಹಾಕಿದೆ. ಒಬ್ಬ ಹೆಂಗಸಿನ ಹೆಸರು ಬಂತು. ಅವರಿಗೆ ಫೋನ್ ಮಾಡಿ ಕೇಳಿದೆ. ಅದೇ ಕ್ಲಿನಿಕ್ಕಿನಲ್ಲಿ ಹಿಂದೆ ಕೂರ್ತಿದ್ದವರು, ಬೇರೆ ಊರಿಗೆ ಹೋಗಿ ಎರಡು ವರ್ಷ ಆಗಿತ್ತು. ಇವನು ಬೋರ್ಡಿನಲ್ಲಿ ಅವರ ಹೆಸರು ಅಳಿಸಿ ತನ್ನದು ಬರೆಸಿದ್ದ, ನಂಬರನ್ನು ಹಾಗೇ ಬಿಟ್ಟಿದ್ದ.

ಮನೆಯವರು ದೂರು ಕೊಟ್ಟರೆ ಪೊಲೀಸರಿಗೆ ಕಳಿಸ್ತೀವಿ ಅಂದರು ಸಾಹೇಬರು. ದೂರಿನ ಫಾರಂ ತಗೊಂಡು ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಂಗಿ ಕೂತಿದ್ದಳು. ತಲೆ ಬಾಚಿ ಎಷ್ಟು ದಿನ ಆಗಿತ್ತೋ. ವಿಷಯ ಕೇಳಿ, "ಹಾಳಾದವನು, ನಿಮ್ಮ ಆಫೀಸಿನ ಕಣ್ಣಿಗೇ ಮಣ್ಣೆರಚಿದಾನಲ್ಲ ಅಕ್ಕ. ನೀನು ಪಾಪ ನೋಡಿದ್ದೆ," ಅಂದಳು. ಫಾರಂ, ಪೆನ್ನು ಅವಳ ಕೈಗೆ ಕೊಟ್ಟೆ.

ಆರನೇ ಪ್ರಶ್ನೆಗೆ ಬಂದಳು. ನೋಂದಣಿಯ ಬಗ್ಗೆ ಮೊದಲೇ ವಿಚಾರಿಸಿದ್ದಿರಾ, ಯಾರು ಏನು ಹೇಳಿದರು?

"ಇದಕ್ಕೆ ಕೇಳಿಲ್ಲ ಅಂತ ಬರೀತೀನಿ ಬಿಡು. ನಿನ್ನ ಕೆಲಸಕ್ಕೆ ಯಾಕೆ ಕುತ್ತು?"

ನಮ್ಮ ಆಫೀಸಲ್ಲಿ ಫೋನಿನ ಮಾತು ಎಲ್ಲೂ ದಾಖಲಾಗಲ್ಲ. ಸುಮ್ಮನಿದ್ದಿದ್ದರೆ ದೇವರಾಣೆಗೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಸುಮ್ಮನಿರಬೇಕು ಅಂತ ತುಂಬಾ ಆಸೆಯಾಯಿತು.

"ಬರಿ," ಅಂದೆ. "ಅಕ್ಕನ್ನ ಕೇಳಿದೆ. ಅವಳು ನಂಬರ್ ಮಾತ್ರ ನೋಡಿದಳು, ಹೆಸರು ನೋಡಲಿಲ್ಲ. ನೋಡಿದ್ದರೆ ಅವತ್ತೇ ಗೊತ್ತಾಗ್ತಿತ್ತು."

ಮೊದಲ ವಾಕ್ಯ ಬರೆದವಳು ನಿಲ್ಲಿಸಿದಳು.

"ಹೆಸರು ಕಾಣ್ತಿತ್ತಾ?"

"ಕಾಣ್ತಿತ್ತು. ಊಟ ಮಾಡ್ತಿದ್ದೆ."

ಪೆನ್ನು ಬೆಂಚಿನ ಮೇಲಿಟ್ಟಳು. "ಬಾಗಿಲು ಹಿಡ್ಕೊಂಡು ನಿಂತುಬಿಟ್ಟಿದ್ದಳು ಅಕ್ಕ ಅವಳು, ಬರಲ್ಲ ಅಂತ. ದೊಡ್ಡಮ್ಮನೇ ನೋಡಿದಾಳೆ ನಡಿ ಅಂತ ಒಂದೊಂದೇ ಬೆರಳು ಬಿಡಿಸಿ ಎಳ್ಕೊಂಡು ಹೋದೆ ನಾನು."

ಆಮೇಲೆ ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದಳು. ಸಹಿ ಹಾಕಿ ಫಾರಂ ನನ್ನ ಕೈಗೆ ಕೊಟ್ಟು ಎದ್ದಳು. ನಾನೂ ಎದ್ದೆ.

"ನೀನು ಒಳಗೆ ಬರಬೇಡ," ಅಂದಳು.