ಚೋಟುವಿನ ರೈಫಲ್ಲು, ತಾತನ ಅಳತೆ

ಬಡಗಿ ತಾತ ಒಮ್ಮೆ ಕುಂಟ ಸೊಳ್ಳೆಯೊಂದಕ್ಕೆ ಮರದ ಕಾಲು ಮಾಡಿ ಕೂರಿಸಿದ್ದರು. ಆ ಸೊಳ್ಳೆ ಸಾಯುವವರೆಗೂ ಅವರೊಬ್ಬರನ್ನು ಬಿಟ್ಟು ಬೀದಿಯವರನ್ನೆಲ್ಲ ಕಚ್ಚಿತು. ಸಾಕ್ಷಿ ಬೇಕೆಂದರೆ, ಸೊಳ್ಳೆ ಈಗಿಲ್ಲ, ತಾತ ಇದ್ದಾರೆ.

ಇಂಥ ಕೈಗೆ ಒಂದು ಏರ್ ರೈಫಲ್ ಗಿಡ್ಡ ಮಾಡುವುದು ಎಷ್ಟರ ಕೆಲಸ? ರೈಫಲ್ಲು ಶೂಟಿಂಗ್ ಕ್ಲಬ್ಬಿನದು. ಹಿಡಿಯಬೇಕಾದವಳು ಹನ್ನೆರಡು ವರ್ಷದ ಮೊಮ್ಮಗಳು ಚೋಟು. ಭಾನುವಾರ ಆಯ್ಕೆ. ಹತ್ತು ಗುಂಡಿಗೆ ನೂರು ಅಂಕ. ಎಪ್ಪತ್ತು ದಾಟಿದರೆ ತಂಡಕ್ಕೆ, ಇಲ್ಲದಿದ್ದರೆ ಇನ್ನೊಂದು ವರ್ಷ ಕ್ಲಬ್ಬಿನ ಬಾಗಿಲು ಬಂದ್. ಮೂರು ತಿಂಗಳಿಂದ ಅವಳು ಪೊರಕೆ ಹಿಡಿದು ಗುರಿಯಿಟ್ಟ ರಭಸಕ್ಕೆ ಮನೆಯ ಹಲ್ಲಿಗಳೆಲ್ಲ ಹೆದರಿ ಪಕ್ಕದ ಮನೆಗೆ ಬಾಡಿಗೆಗೆ ಹೋಗಿದ್ದವು.

ತೊಂದರೆ ಇದ್ದದ್ದು ರೈಫಲ್ಲಿನ ಬಟ್ಟಿನಲ್ಲಿ, ಎಂದರೆ ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗದಲ್ಲಿ. ಅದು ದೊಡ್ಡವರ ತೋಳಿಗೆ ಮಾಡಿದ್ದು. ಚೋಟು ಹಿಡಿದರೆ ಬೆರಳು ಟ್ರಿಗರ್ ಮುಟ್ಟುತ್ತಲೇ ಇರಲಿಲ್ಲ. ಅವಳ ತೋಳಿಗೆ ಅಳೆದು ಗಿಡ್ಡ ಮಾಡಿಸಿ ಎಂದು ಕೋಚ್ ಮೇಡಂ ಅದನ್ನು ಮನೆಗೆ ಕೊಟ್ಟು ಕಳಿಸಿದ್ದರು.

"ಚೋಟು ಸ್ಕೂಲಿಂದ ಬರ್ಲಿ ರೀ, ಟೇಪ್ ಹಿಡಿದು ಅಳೀರಿ," ಎಂದರು ಅಜ್ಜಿ.

"ಟೇಪಾ! ನನ್ನ ಕಣ್ಣು ಕೂದಲು ಸೀಳಿ ಒಳಗಿನ ಗಂಟು ಎಣಿಸುತ್ತೆ ಕಣೇ."

"ನಿಮ್ಮ ಕಣ್ಣು ಅಳೆದ ಮಂಚದಲ್ಲಿ ಕಾಲು ಹೊರಗೆ ಚಾಚ್ಕೊಂಡು ಮಲಗ್ತಿದೀನಿ."

"ಗಾಳಿ ಆಡ್ಲಿ ಅಂತ ಬೇಕಂತಲೇ ಮಾಡಿದ್ದು!"

ಆದರೂ ಒಂದು ಆಧಾರವಿರಲೆಂದು ತಾತ ಅಂಗಡಿಯ ಬಾಗಿಲ ಚೌಕಟ್ಟಿನತ್ತ ಕಣ್ಣು ಹಾಯಿಸಿದರು. ಮನೆಯವರೆಲ್ಲರ ಎತ್ತರ, ತೋಳು, ಮೊಣಕಾಲು ಅಲ್ಲಿ ಪೆನ್ಸಿಲ್ ಗೆರೆಗಳಾಗಿ ಕೂತಿದ್ದವು. 'ಚೋಟು, ಮೊಣಕೈಯಿಂದ ಬೆರಳು' ಎಂಬ ಗೆರೆ ಸಿಕ್ಕಿತು. ಬಟ್ಟಿನ ತುದಿಯನ್ನು ಮೊಣಕೈ ಮಡಿಕೆಗೆ ಇಟ್ಟರೆ ಬೆರಳು ಟ್ರಿಗರ್‌ಗೆ ತಲುಪಬೇಕು. ಬೇಕಾದದ್ದು ಅದೇ ಅಳತೆ. ಗರಗಸ ಎರಡನೇ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಐದು ಬೆರಳಗಲದ ತುಂಡು ಕೆಳಗೆ ಬಿತ್ತು. ಕೀಸುಳಿ ಹಾಯಿಸಿ, ಮರಳುಕಾಗದ ತಿಕ್ಕಿ, ಎಣ್ಣೆ ಬಳಿದ ಮೇಲೆ ಬಟ್ಟು ಎಷ್ಟು ಹೊಳೆಯಿತೆಂದರೆ, ಮಧ್ಯಾಹ್ನದ ನಿದ್ದೆಯಲ್ಲಿದ್ದ ಎದುರು ಮನೆಯವರು ಬೆಳಗಾಯಿತೆಂದು ಎದ್ದು ಹಲ್ಲುಜ್ಜಿದರು.

ಸಂಜೆ ಚೋಟು ಬಂದು ರೈಫಲ್ಲನ್ನು ಭುಜಕ್ಕಿಟ್ಟಳು. ಅವಳ ಕುತ್ತಿಗೆ ಕೊಕ್ಕರೆಯದರಂತೆ ಮಡಚಿಕೊಂಡಿತು.

"ತಾತಾ, ಗುರಿ ನೋಡೋ ಕಿಂಡಿ ರೆಪ್ಪೆಗೇ ತಾಗುತ್ತೆ."

"ಹತ್ತಿರ ಇದ್ದಷ್ಟೂ ಚೆನ್ನಾಗಿ ಕಾಣುತ್ತೆ, ಪೆದ್ದೀ! ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ದಿದೆಯಾ?"

"ಇಲ್ಲ," ಎಂದಳು, ಪೂರ್ತಿ ನಂಬಿ.

ಅವಳು ಒಳಗೆ ಹೋದ ಮೇಲೆ ತಾತ ಕನ್ನಡಕ ಹಾಕಿಕೊಂಡು ಗೆರೆಯ ಬಳಿ ಬಗ್ಗಿದರು. ಪಕ್ಕದಲ್ಲಿ ಸಣ್ಣಗೆ ಇಸವಿ ಬರೆದಿತ್ತು. ಮೂರು ವರ್ಷ ಹಳೆಯದು. ಅವಳಿಗೆ ಆಟದ ಕೋವಿ ಮಾಡಿಕೊಟ್ಟಾಗಿನದು! ಅಜ್ಜಿಗೆ ಗೊತ್ತಾದರೆ ಆ ನಗು ನಾಲ್ಕು ಬೀದಿ ದಾಟುತ್ತದೆ. ಬಿದ್ದಿದ್ದ ತುಂಡಿನಲ್ಲಿ ಮೂರು ಬೆರಳಗಲ ಕೊಯ್ದು, ತೂತು ಕೊರೆದು, ಎರಡು ಉದ್ದನೆಯ ತಿರುಪಿನ ಜೊತೆ ಜೇಬಿಗಿಳಿಸಿದರು. ಯಾರೂ ನೋಡದಾಗ ಜೋಡಿಸಿದರಾಯಿತು. ಆದರೆ ಚೋಟು ಆ ರೈಫಲ್ಲಿನ ಪಕ್ಕ ಬಿಟ್ಟು ಕದಲಿದರೆ ತಾನೆ!

ಭಾನುವಾರ ಕ್ಲಬ್ಬಿನ ಉದ್ದನೆಯ ಕೋಣೆಯಲ್ಲಿ ತಾತ, ಅಜ್ಜಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದಂತೆ ಮೊದಲ ಐದು ಗುಂಡಿಗೆ ಬಂದದ್ದು ಹತ್ತೊಂಬತ್ತು ಅಂಕ. ಪ್ರತಿ ಸಲವೂ ರೆಪ್ಪೆ ಕಿಂಡಿಗೆ ತಾಗಿ ಕಣ್ಣು ಮುಚ್ಚುತ್ತಿತ್ತು.

"ಸಾಕು. ಹೆದರ್ತಾಳೆ. ಮುಂದಿನ ವರ್ಷ ನೋಡೋಣ," ಎಂದು ಕೋಚ್ ಮೇಡಂ ಪೆನ್ನು ಎತ್ತಿದರು.

ತಾತ ಬೆಂಚಿನಿಂದ ಹಾರಿದರು. "ಮೇಡಂ, ಒಂದ್ನಿಮಿಷ! ಇದಕ್ಕೆ ಇನ್ನೊಂದು ತುಂಡು ಇದೆ. ಮಗು ಬೆಳೆದ ಹಾಗೆ ಬಟ್ಟೂ ಬೆಳೀಬೇಕು ಅಂತ ನಾನೇ ಕಂಡುಹಿಡಿದದ್ದು. ಜೋಡಿಸ್ಕೋ ಅಂತ ಹೇಳಿದ್ದೆ, ಇವಳು ಮರ್ತಿದ್ದಾಳೆ."

ಕೊನೆಯ ಮಾತು ಹೇಗೋ ಜಾರಿತು. ಚೋಟು ಬಾಯಿ ತೆರೆದಳು, ತಾತನ ಮುಖ ನೋಡಿದಳು, ಮುಚ್ಚಿದಳು.

ಮೇಡಂ ಹೊಸದಾಗಿ ಹತ್ತು ಗುಂಡು ಕೊಟ್ಟರು. ತುಂಡು ಕೂತ ಮೇಲೆ ಕುತ್ತಿಗೆ ನೇರವಾಯಿತು, ಕಣ್ಣು ತೆರೆದೇ ಉಳಿಯಿತು. ಎಪ್ಪತ್ತೆಂಟು! ತಾತನ ಎದೆ ಉಬ್ಬಿದ ಹೊಡೆತಕ್ಕೆ ಅಂಗಿಯ ಎರಡು ಗುಂಡಿ ಕಿತ್ತು ಹಾರಿ, ಅವೂ ನೇರ ಗುರಿಯ ನಡುವಿಗೇ ಬಡಿದವು.

ಆದರೆ ಮೇಡಂ ಹೆಸರು ಬರೆಯಲಿಲ್ಲ.

"ಗುರಿ ಚೆನ್ನಾಗಿದೆ ತಾತ. ಆದ್ರೆ ತನ್ನ ರೈಫಲ್ಲಿನ ಭಾಗ ಜೋಡಿಸೋಕೇ ಮರೆಯೋ ಮಗು, ನಾಳೆ ಒಳಗಿರೋ ಗುಂಡು ತೆಗೆಯೋಕೂ ಮರೀಬಹುದು. ಅಂಥವರನ್ನ ಇಲ್ಲಿ ನಿಲ್ಲಿಸೋಕಾಗಲ್ಲ. ತಾತ ಹೇಳಿದ್ದು ಮರೆತ್ಯಾ ಪುಟ್ಟಾ?"

ಚೋಟು ತಲೆ ತಗ್ಗಿಸಿದಳು. ಮೂಗಿನ ತುದಿ ಕೆಂಪಾಯಿತು.

ಬೆಂಚಿನಿಂದ ಅಜ್ಜಿ ಕೆಮ್ಮಿದರು. "ರೀ, ಆ ತುಂಡು ಬುಧವಾರದಿಂದ ನಿಮ್ಮ ಜೇಬಲ್ಲೇ ಇತ್ತಲ್ಲ? ಅಂಗಿ ಒಗೆಯೋಕೆ ಹೋದಾಗ ನನ್ನ ಕಾಲ ಮೇಲೇ ಬಿತ್ತು."

ತಪ್ಪನ್ನು ಮರದ ತಲೆಗೆ ಕಟ್ಟಲೊಂದು, ಹವೆಯ ತಲೆಗೊಂದು, ಗರಗಸದ ತಲೆಗೊಂದು, ಹೀಗೆ ಮೂರು ಸುಳ್ಳು ತಾತನಿಗೆ ಒಟ್ಟಿಗೇ ಹೊಳೆದವು. ಕೆಂಪು ಮೂಗಿನ ಎದುರು ಮೂರೂ ಗಂಟಲಲ್ಲೇ ಸತ್ತವು.

"ಅವಳಿಗೆ ನಾನು ಏನೂ ಹೇಳಿರ್ಲಿಲ್ಲ ಮೇಡಂ," ಎಂದರು. ಅವರ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ. "ಕಿಂಡಿ ತಾಗುತ್ತೆ ಅಂತ ಅವಳೇ ಹೇಳಿದ್ಲು. ನಾನೇ ಬಾಯಿ ಮುಚ್ಚಿಸ್ದೆ. ಕಂಡುಹಿಡಿಯೋದೂ ಇಲ್ಲ, ಮಣ್ಣೂ ಇಲ್ಲ. ಒಂಬತ್ತು ವರ್ಷದ ಕೈ ಅಳತೆಗೆ ಕುಯ್ದುಬಿಟ್ಟೆ. ಇವಳು ಬೆಳೆದದ್ದು ಊರಿಗೆಲ್ಲ ಕಾಣ್ಸಿದೆ, ನನಗೊಬ್ಬನಿಗೇ ಕಾಣ್ಲಿಲ್ಲ. ಇವಳ ಹೆಸರು ತಂಡಕ್ಕೆ ಬರ್ಕೊಳ್ಳಿ ಮೇಡಂ. ಮರೆಗುಳಿ ಅಂತ ಬರೆಯೋದಿದ್ರೆ ಪಕ್ಕದಲ್ಲಿ ನನ್ನ ಹೆಸರು ಬರೀರಿ."